ಊರಾಚೆಯ ಎರಡೆಕರೆ

‘ಊರು ಹೋಗೆನ್ನುತ್ತದೆ, ಕಾಡು ಬಾ ಎನ್ನುತ್ತದೆ’ ಎಂಬುದು ನಮ್ಮ ಹಿರಿಯರ ಮಾತು. ವಯಸ್ಸಾದವರು ತಮ್ಮ ಸ್ಥಿತಿಯನ್ನು ಕುರಿತು ನಗುನಗುತ್ತಲೇ ಆಡಿಕೊಳ್ಳುವ ಮಾತಿದು. ಇಲ್ಲಿ ಕಾಡೆಂದರೆ ಹುಲಿ ಕರಡಿಗಳು ವಾಸಿಸುವ ಅರಣ್ಯವಲ್ಲ, ಊರ ಹೊರಗಿನ ಸುಡುಗಾಡು. ಅರವತ್ತನ್ನು ದಾಟಿ ಕೆಲವು ವರ್ಷಗಳಾಗಿರುವ ನನಗೂ ಈಗ ಈ ಮಾತಿನ ಅರ್ಥ ಮೆಲ್ಲಮೆಲ್ಲನೆ ತಿಳಿಯತೊಡಗಿದೆ. ಆದರೆ ನಮ್ಮೂರಿನ ಆ ಕಾಡಿನ ಕಡೆಗೆ ಹೋದಾಗಲೆಲ್ಲ ನನಗೊಂದು ಪ್ರಶ್ನೆ ಏಳುತ್ತಿತ್ತು. ಕಾಡು ಬಾ ಎಂದು ಕರೆಯುವುದೇನೋ ನಿಜ. ಆದರೆ ಅಲ್ಲಿಗೆ ಹೋಗಲು ದಾರಿ ಎಲ್ಲಿದೆ?

ನನ್ನ ಊರು ಕಲಬುರಗಿ ಜಿಲ್ಲೆಯ ಆಳಂದ ತಾಲೂಕಿನಲ್ಲಿ, ಸರಸಂಬಾದ ಆಸುಪಾಸಿನ ಸೀಮೆಯಲ್ಲಿದೆ. ಮಹಾರಾಷ್ಟ್ರದ ಗಡಿ ಇಲ್ಲಿಗೆ ದೂರವೇನಲ್ಲ. ಊರಿನ ಹೆಸರನ್ನು ನಾನು ಬೇಕೆಂದೇ ಹೇಳುತ್ತಿಲ್ಲ. ಏಕೆಂದರೆ ನಾನು ಹೇಳಹೊರಟಿರುವ ಸಂಗತಿ ಒಂದು ಊರಿಗೆ ಮಾತ್ರ ಸಂಬಂಧಿಸಿದ್ದಲ್ಲ. ಇದನ್ನು ಓದುವ ನೀವು ಹೆಸರಿನ ಜಾಗದಲ್ಲಿ ನಿಮ್ಮ ಊರಿನ ಹೆಸರನ್ನೇ ಇಟ್ಟುಕೊಂಡರೂ ಬಹುಶಃ ದೊಡ್ಡ ವ್ಯತ್ಯಾಸವಾಗಲಾರದು.

ಊರಿನ ಮೂಡಣ ದಿಕ್ಕಿಗೆ, ಚಿಕ್ಕದೊಂದು ಹಳ್ಳವನ್ನು ದಾಟಿದರೆ ಸಿಗುವುದೇ ನಮ್ಮ ಸ್ಮಶಾನ. ಸರಕಾರಿ ದಾಖಲೆಯಲ್ಲಿ ಅದರ ವಿಸ್ತೀರ್ಣ ಎರಡು ಎಕರೆ. ಸುತ್ತಲೂ ತೊಗರಿಯ ಹೊಲಗಳು. ನಮ್ಮದು ಎರೆ ಭೂಮಿ. ಬೇಸಿಗೆಯಲ್ಲಿ ಕೈ ತೂರುವಷ್ಟು ಅಗಲವಾಗಿ ಬಿರಿಯುವ ಈ ಕರಿಯ ಮಣ್ಣು, ಮಳೆ ಬಿದ್ದೊಡನೆ ನೀರು ಕುಡಿದು ಉಬ್ಬುತ್ತದೆ. ಒಣಗಿದರೆ ಮತ್ತೆ ಕುಗ್ಗುತ್ತದೆ. ಆದುದರಿಂದ ಇಲ್ಲಿ ತೋಡಿ ಮುಚ್ಚಿದ ಸಮಾಧಿ ಒಂದೆರಡು ಮಳೆಗಾಲಗಳಲ್ಲಿಯೇ ಕುಸಿದು ತಗ್ಗಾಗುತ್ತದೆ. ಮತ್ತೆ ಮಣ್ಣು ತುಂಬಿ, ತಲೆಯ ಕಡೆ ಒಂದು ಕಲ್ಲನ್ನಾದರೂ ನೆಡದಿದ್ದರೆ ಐದಾರು ವರ್ಷಗಳಲ್ಲಿ ಅದರ ಗುರುತೇ ಇಲ್ಲದಂತಾಗುತ್ತದೆ. ನಮ್ಮ ಎರೆಯ ಮಣ್ಣು ಬಿತ್ತಿದ್ದನ್ನು ಬೆಳೆಸುವುದರಲ್ಲಿ ಎಷ್ಟು ಉದಾರಿಯೋ ಹೂಳಿದ್ದನ್ನು ಮರೆಸುವುದರಲ್ಲಿಯೂ ಅಷ್ಟೇ ಚತುರ.

ಸ್ಮಶಾನ, ಮಸಣ, ರುದ್ರಭೂಮಿ, ಖಬರಸ್ತಾನ ಎಂದು ಕನ್ನಡದಲ್ಲಿ ಈ ಜಾಗಕ್ಕೆ ಹೆಸರುಗಳಿಗೇನೂ ಕೊರತೆಯಿಲ್ಲ. ನಮ್ಮ ಕಡೆ ಶವಸಂಸ್ಕಾರಕ್ಕೆ ಹೋಗುವುದನ್ನು ‘ಮಣ್ಣಿಗೆ ಹೋಗುವುದು’ ಎನ್ನುತ್ತೇವೆ. ಒಂದೇ ಎರಡೆಕರೆಯಲ್ಲಿ ಒಂದೊಂದು ಸಮುದಾಯಕ್ಕೆ ಒಂದೊಂದು ಸಾಲು, ಒಂದೊಂದು ಮೂಲೆ ಎಂಬ ರೂಢಿ ಹಿಂದಿನಿಂದ ಬಂದುದು. ಇದಲ್ಲದೆ ಇನ್ನೊಂದು ಭೇದವೂ ಉಂಟು. ಹೊಲವುಳ್ಳವರು ತಮ್ಮವರನ್ನು ತಮ್ಮ ಹೊಲದಲ್ಲಿಯೇ ಹೂಳುತ್ತಾರೆ. ನನ್ನ ತಂದೆಯವರ ಸಮಾಧಿಯೂ ನಮ್ಮ ಹೊಲದಲ್ಲಿಯೇ ಇದೆ. ಅದರ ಮೇಲೆ ಶಹಾಬಾದದ ನುಣುಪಾದ ಪರಸಿ ಕಲ್ಲು, ಪಕ್ಕದಲ್ಲಿ ನೆರಳು ನೀಡುವ ಬೇವಿನ ಮರ. ವರ್ಷಕ್ಕೊಮ್ಮೆ ಮನೆಯವರೆಲ್ಲ ಸೇರಿ ಕಲ್ಲನ್ನು ತೊಳೆದು ವಿಭೂತಿ ಹಚ್ಚಿ ಎಡೆ ಹಿಡಿಯುತ್ತೇವೆ. ಊರಿನ ಎರಡೆಕರೆಯ ಅಗತ್ಯವಿರುವುದು ಹೊಲವಿಲ್ಲದವರಿಗೆ. ಅದರ ಸ್ಥಿತಿಯನ್ನು ಕುರಿತು ಊರಿನ ಪ್ರಮುಖರು ಬಹುಕಾಲ ಮಾತನಾಡದೆ ಉಳಿದದ್ದಕ್ಕೆ ಇದೇ ಕಾರಣವಾಗಿರಬೇಕು. ಆ ಪ್ರಮುಖರಲ್ಲಿ ನಾನೂ ಒಬ್ಬನಾಗಿದ್ದೆ.

ನಾನು ನಮ್ಮೂರ ಶಾಲೆಯಲ್ಲಿ ಮಾಸ್ತರನಾಗಿದ್ದ ಕಾಲದಲ್ಲಿ ಅಲ್ಲಿ ಗಂಟೆ ಬಾರಿಸುವ ಒಬ್ಬ ಮುದುಕನಿದ್ದನು. ಮಕ್ಕಳೆಲ್ಲ ಅವನನ್ನು ‘ಗಂಟಿ ಮುತ್ಯಾ’ ಎಂದು ಕರೆಯುತ್ತಿದ್ದರು. ನಮ್ಮ ಭಾಗದಲ್ಲಿ ಅಜ್ಜನಿಗೆ ಮುತ್ಯಾ ಎನ್ನುವುದು ವಾಡಿಕೆ. 1972ರ ಭೀಕರ ಬರಗಾಲದಲ್ಲಿ, ಗಡಿಯಾಚೆಯ ಯಾವುದೋ ಊರಿನಿಂದ, ಹೆಗಲ ಮೇಲೊಂದು ಕಂಬಳಿ ಹಾಕಿಕೊಂಡು ಕೂಲಿ ಹುಡುಕುತ್ತ ಬಂದವನು ಅವನು. ಬರ ಹೋಯಿತು, ಮಳೆ ಬಂತು. ಅವನು ಮಾತ್ರ ಹಿಂದಿರುಗಲಿಲ್ಲ. ಅವನಿಗೆ ಹೆಂಡತಿ ಮಕ್ಕಳಿರಲಿಲ್ಲ. ಅರ್ಧ ಮರಾಠಿ, ಅರ್ಧ ಕನ್ನಡದಲ್ಲಿ ಮಾತನಾಡುತ್ತಿದ್ದನು. ‘ನಿನ್ನ ಜಾತಿ ಯಾವುದು?’ ಎಂದು ಯಾರಾದರೂ ಕೇಳಿದರೆ ನಕ್ಕು ಸುಮ್ಮನಾಗುತ್ತಿದ್ದನು. ಶಾಲೆಯ ನೀರು ತುಂಬುವುದು, ಅಂಗಳ ಗುಡಿಸುವುದು, ಮಳೆಗಾಲದಲ್ಲಿ ಚಿಕ್ಕ ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ಹಳ್ಳ ದಾಟಿಸುವುದು, ಇವೆಲ್ಲವನ್ನೂ ಅವನು ಯಾರೂ ಹೇಳದೆಯೇ ಮಾಡುತ್ತಿದ್ದನು.

1998ರ ಶ್ರಾವಣದಲ್ಲಿ ಗಂಟಿ ಮುತ್ಯಾ ಜ್ವರದಿಂದ ತೀರಿಕೊಂಡನು. ಬೆಳಗಿನಿಂದ ಮಳೆ ಹಿಡಿದಿತ್ತು. ಶವವನ್ನು ಶಾಲೆಯ ಪಡಸಾಲೆಯಲ್ಲಿ ಮಲಗಿಸಿದೆವು. ಅವನನ್ನು ಎಲ್ಲಿ ಹೂಳಬೇಕು ಎಂಬ ಪ್ರಶ್ನೆ ಬಂದಾಗ ಊರಿನವರು ಒಬ್ಬರ ಮುಖ ಒಬ್ಬರು ನೋಡಿದರು. ಅವನ ಮೇಲೆ ಯಾರಿಗೂ ದ್ವೇಷವಿರಲಿಲ್ಲ. ಎಲ್ಲರ ಕಣ್ಣೂ ತೇವವಾಗಿದ್ದವು. ಆದರೂ ಪ್ರತಿಯೊಬ್ಬರೂ ‘ನಮ್ಮ ಸಾಲಿನಲ್ಲಿ ಬೇರೆಯವರನ್ನು ಹೂಳುವ ರೂಢಿ ಇಲ್ಲವಲ್ಲ’ ಎಂದು ಹಿಂಜರಿದರು. ನನಗೂ ನಮ್ಮ ಹೊಲದಲ್ಲಿ ಹೂಳೋಣ ಎನ್ನುವ ಧೈರ್ಯ ಬರಲಿಲ್ಲ. ಮಧ್ಯಾಹ್ನವಾಯಿತು, ಇಳಿಹೊತ್ತಾಯಿತು. ಇಪ್ಪತ್ತಾರು ವರ್ಷ ಊರಿನ ಮಕ್ಕಳಿಗೆ ಹೊತ್ತನ್ನು ತಿಳಿಸಿದವನು ತನಗಾಗಿ ಆರಡಿ ನೆಲ ಸಿಗುವ ಹೊತ್ತಿಗಾಗಿ ಕಾಯುತ್ತ ಮಲಗಿದ್ದನು.

ಕೊನೆಗೆ ಕೂಲಿ ಮಾಡಿ ಬದುಕುತ್ತಿದ್ದ ವಿಧವೆಯೊಬ್ಬಳು ಮುಂದೆ ಬಂದಳು. “ನನ್ನ ಗಂಡನ ಕಲ್ಲಿನ ಆಚೆಗೆ ನಮ್ಮ ಸಾಲು ಮುಗೀತದ. ಅಲ್ಲಿಂದ ಮೂಡಣಕ್ಕ ನಾಕು ಹೆಜ್ಜೆ ಬಿಟ್ಟು ಮಲಗಸ್ರಿ. ನನ್ನ ಮಗನ್ನ ಹಳ್ಳ ದಾಟಿಸಿದ ಕೈ ಅವು” ಎಂದಳು. ಯಾರೂ ಎದುರಾಡಲಿಲ್ಲ. ಶವವನ್ನು ಹೊತ್ತು ಹೊರಟಾಗ ಸ್ಮಶಾನಕ್ಕೆ ದಾರಿ ಎಂಬುದೇ ಇರಲಿಲ್ಲ. ಮೊಳಕಾಲೆತ್ತರ ಬೆಳೆದ ತೊಗರಿಯ ಸಾಲುಗಳ ನಡುವೆ, ಹಿಮ್ಮಡಿಗೆ ಅಂಟಿ ಕಿತ್ತರೂ ಬಾರದ ಕೆಸರಿನಲ್ಲಿ, ಹೊಲದವರ ಬೈಗುಳಕ್ಕೆ ಅಂಜುತ್ತ ಸಾಗಬೇಕಾಯಿತು. ಹಳ್ಳದ ದಂಡೆಯಲ್ಲಿ ಹೊತ್ತವರಲ್ಲಿ ಒಬ್ಬ ಜಾರಿ ಬಿದ್ದು ಕಾಲು ಉಳುಕಿಸಿಕೊಂಡನು. ಶವ ನೆಲಕ್ಕೆ ಬೀಳುವುದು ಕೂದಲೆಳೆಯಲ್ಲಿ ತಪ್ಪಿತು. ಕತ್ತಲಾಗುವ ಹೊತ್ತಿಗೆ ಮಣ್ಣು ಕೊಟ್ಟು ಹಿಂದಿರುಗಿದೆವು.

ನಮ್ಮವರು ‘ಸ್ಮಶಾನ ವೈರಾಗ್ಯ’ ಎಂದು ಒಂದು ಮಾತನ್ನು ಹೇಳುತ್ತಾರೆ. ಮಣ್ಣಿಗೆ ಹೋದಾಗ ಹುಟ್ಟಿ, ಮನೆಗೆ ಬಂದು ಸ್ನಾನ ಮಾಡಿದೊಡನೆ ಮಾಯವಾಗುವ ವೈರಾಗ್ಯವದು. ಸ್ಮಶಾನದ ವಿಷಯದಲ್ಲಿ ನಮ್ಮ ಕಾಳಜಿಯೂ ಅಂಥದೇ. ದಾರಿಯಾಗಬೇಕು, ಕಲ್ಲು ನೆಡಬೇಕು, ಯಾರದೂ ಅಲ್ಲದವರಿಗೂ ಒಂದು ಜಾಗ ಮೀಸಲಿಡಬೇಕು ಎಂದು ಅಂದು ರಾತ್ರಿ ನಾವು ಮಾತನಾಡಿಕೊಂಡೆವು. ಮಳೆ ನಿಂತಿತು, ಮಾತೂ ನಿಂತಿತು. ಮರುದಿನ ತರಗತಿಯಲ್ಲಿ ಪೌರನೀತಿಯ ಪಾಠ ಮಾಡುತ್ತ ‘ಗ್ರಾಮ ಪಂಚಾಯತಿಯ ಕರ್ತವ್ಯಗಳು ಯಾವುವು?’ ಎಂದು ನಾನು ಮಕ್ಕಳನ್ನು ಕೇಳಿದೆ. ಬೀದಿ ದೀಪ, ಕುಡಿಯುವ ನೀರು, ಚರಂಡಿ ಎಂದು ಅವರು ಒಕ್ಕೊರಲಿನಿಂದ ಉತ್ತರಿಸಿದರು. ಸ್ಮಶಾನವೆಂದು ಯಾರೂ ಹೇಳಲಿಲ್ಲ. ಹೇಳಿಕೊಡಬೇಕಾದ ನಾನೂ ಹೇಳಲಿಲ್ಲ.

ಹೀಗೆ ಇಪ್ಪತ್ತಕ್ಕೂ ಹೆಚ್ಚು ವರ್ಷಗಳು ಕಳೆದವು. 2019ರಲ್ಲಿ ನಾನು ನಿವೃತ್ತನಾದೆ. ಎರಡು ವರ್ಷಗಳ ನಂತರ ಕೋವಿಡ್ ರೋಗದ ಎರಡನೆಯ ಅಲೆ ಬಂದಿತು. ನಮ್ಮ ತಾಲೂಕಿನಿಂದ ಮುಂಬಯಿ ಪುಣೆಗಳಿಗೆ ದುಡಿಯಲು ಹೋಗಿದ್ದ ಅನೇಕರು ಊರಿಗೆ ಮರಳಿದರು. ಅವರಲ್ಲಿ ನನ್ನ ಹಳೆಯ ಶಿಷ್ಯನೊಬ್ಬನೂ ಇದ್ದನು. ಗಂಟಿ ಮುತ್ಯಾನಿಗೆ ಜಾಗ ಕೊಟ್ಟ ಆ ತಾಯಿಯ ಮಗನೇ ಅವನು. ಒಂದು ಸಂಜೆ ನನ್ನನ್ನು ಕಾಣಲು ಬಂದು, “ಸರ್, ಗಂಟಿ ಮುತ್ಯಾನ ಮಣ್ಣಿಗೆ ಒಂದು ಕಾಯಿ ಒಡೆಯಬೇಕು ಅಂತ ಇದ್ದೀನಿ. ಜಾಗ ತೋರಸ್ತೀರೇನ್ರಿ?” ಎಂದು ಕೇಳಿದನು.

ನಾನು, ಅವನು ಮತ್ತು ಅವನ ತಾಯಿ ಮೂವರೂ ಹೋದೆವು. ಎರಡೆಕರೆಯ ತುಂಬ ಬಳ್ಳಾರಿ ಜಾಲಿ ಹೆಣೆದುಕೊಂಡಿತ್ತು. ಅದರ ಮುಳ್ಳುಗಳ ನಡುವೆ ಒಡೆದ ಗಾಜು, ಹಳೆಯ ಬಟ್ಟೆ, ಪ್ಲಾಸ್ಟಿಕ್ಕಿನ ರಾಶಿ. ಕೊಡಲಿಯಿಂದ ದಾರಿ ಬಿಡಿಸಿಕೊಂಡು ಒಳಗೆ ನುಗ್ಗಿ, ಒಂದು ತಾಸು ಹುಡುಕಿದ ಮೇಲೆ ಆಕೆಯ ಗಂಡನ ಸಮಾಧಿಯ ಕಲ್ಲು ಸಿಕ್ಕಿತು. ಆಕೆ ಅದನ್ನು ಸೆರಗಿನಿಂದ ಒರಸಿ, ಮೂಡಣಕ್ಕೆ ಮುಖ ಮಾಡಿ ನಾಲ್ಕು ಹೆಜ್ಜೆ ಎಣಿಸಿದಳು. ಮೂರನೆಯ ಹೆಜ್ಜೆಗೆ ಜಾಲಿ ಮುಗಿಯಿತು, ಬದು ಬಂದಿತು. ನಾಲ್ಕನೆಯ ಹೆಜ್ಜೆಯನ್ನು ಆಕೆ ಇಟ್ಟದ್ದು ಬದುವಿನ ಆಚೆಗೆ, ನಮ್ಮ ಮನೆತನದ ಹೊಲದಲ್ಲಿ.

ಆಕೆ ನನ್ನ ಮುಖ ನೋಡಿದಳು, ಏನೂ ಹೇಳಲಿಲ್ಲ. ಆಕೆಗೆ ವಯಸ್ಸಾಗಿದೆ, ನೆನಪು ತಪ್ಪಿರಬೇಕು ಎಂದು ನಾನು ಮನಸ್ಸಿನಲ್ಲಿಯೇ ಅಂದುಕೊಂಡೆ. ನಮ್ಮ ಬದು ತಪ್ಪಿರಬಹುದು ಎಂಬುದು ನನಗೆ ಹೊಳೆಯಲೇ ಇಲ್ಲ.

ಆ ರಾತ್ರಿ ನಿದ್ರೆ ಬರಲಿಲ್ಲ. ಈ ಜಾಗವನ್ನು ನೋಡಿಕೊಳ್ಳಬೇಕಾದವರು ಯಾರು ಎಂಬ ಪ್ರಶ್ನೆ ಕಾಡತೊಡಗಿತು. ಮರುದಿನದಿಂದ ಕಾನೂನಿನ ಪುಸ್ತಕಗಳನ್ನು ತರಿಸಿಕೊಂಡು ಓದಿದೆ. ಉತ್ತರ ಸ್ಪಷ್ಟವಾಗಿಯೇ ಇತ್ತು. ನಮ್ಮ ಸಂವಿಧಾನದ ಏಳನೆಯ ಅನುಸೂಚಿಯು ಹೂಳುವ ಮತ್ತು ಸುಡುವ ಸ್ಥಳಗಳ ವಿಷಯವನ್ನು ರಾಜ್ಯಗಳ ಪಟ್ಟಿಯಲ್ಲಿ ಸೇರಿಸಿದೆ. ನಗರಗಳ ಮಟ್ಟಿಗೆ ಹನ್ನೆರಡನೆಯ ಅನುಸೂಚಿ ಅದನ್ನು ಪೌರಸಂಸ್ಥೆಗಳಿಗೆ ವಹಿಸಬಹುದಾದ ಕೆಲಸಗಳಲ್ಲಿ ಒಂದೆಂದು ಹೆಸರಿಸುತ್ತದೆ. ಹಳ್ಳಿಗಳಿಗೆ ಸಂಬಂಧಿಸಿದಂತೆ 1993ರ ಕರ್ನಾಟಕ ಪಂಚಾಯತ್ ರಾಜ್ ಅಧಿನಿಯಮವು ಗ್ರಾಮ ಪಂಚಾಯತಿಯ ಕಾರ್ಯಗಳನ್ನು ಪಟ್ಟಿ ಮಾಡಿದೆ. ಅಲ್ಲಿ ಗ್ರಾಮ ನೈರ್ಮಲ್ಯ ಎಂಬ ಶೀರ್ಷಿಕೆಯ ಕೆಳಗೆ, ಬಾವಿ ಕೆರೆ ಚರಂಡಿಗಳ ಜೊತೆಯಲ್ಲಿಯೇ, ಸುಡುವ ಮತ್ತು ಹೂಳುವ ಸ್ಥಳಗಳ ನಿರ್ವಹಣೆ ಹಾಗೂ ನಿಯಂತ್ರಣ ಎಂಬುದೂ ಇದೆ. ಅದರ ಸಮೀಪದಲ್ಲಿಯೇ ಇನ್ನೊಂದು ಮಾತಿದೆ: ವಾರಸುದಾರರಿಲ್ಲದ ಶವಗಳ ವಿಲೇವಾರಿ. ಅದನ್ನು ಓದಿದಾಗ ನನಗೆ ಗಂಟಿ ಮುತ್ಯಾನ ನೆನಪಾಯಿತು. ಶಾಲೆಯ ಪಡಸಾಲೆಯಲ್ಲಿ ಅವನು ಅನಾಥನಾಗಿ ಮಲಗಿದ್ದ ಆ ದಿನವೂ ಕಾನೂನಿನ ದೃಷ್ಟಿಯಲ್ಲಿ ಅವನು ಅನಾಥನಾಗಿರಲಿಲ್ಲ. ಇಡೀ ಪಂಚಾಯತಿಯೇ ಅವನ ವಾರಸುದಾರನಾಗಿತ್ತು. ಕಾನೂನು ಬಂದು ಆಗಲೇ ಐದು ವರ್ಷಗಳಾಗಿದ್ದವು. ಅದು ನಮಗೆ ತಿಳಿದಿರಲಿಲ್ಲ, ಅಷ್ಟೆ.

ಇದು ಸರಕಾರ ಹೊಸದಾಗಿ ಕಂಡುಹಿಡಿದ ಕರ್ತವ್ಯವೆಂದು ಯಾರೂ ಭಾವಿಸಬಾರದು. ಹದಿಮೂರನೆಯ ಶತಮಾನದ ಕವಿ ರಾಘವಾಂಕನ ‘ಹರಿಶ್ಚಂದ್ರ ಕಾವ್ಯ’ವನ್ನು ನೆನೆಯಿರಿ. ರಾಜ್ಯವನ್ನು ಕಳೆದುಕೊಂಡ ಹರಿಶ್ಚಂದ್ರನು ಕಾಶಿಯಲ್ಲಿ ವೀರಬಾಹುವಿನ ಆಳಾಗಿ ಸ್ಮಶಾನವನ್ನು ಕಾಯುತ್ತಾನೆ. ಅವನ ಸತ್ಯನಿಷ್ಠೆಯನ್ನು ನಾವೆಲ್ಲ ಕೊಂಡಾಡುತ್ತೇವೆ. ಆದರೆ ಆ ಕಥೆಯ ಇನ್ನೊಂದು ಸಂಗತಿ ನಮ್ಮ ಗಮನಕ್ಕೆ ಬರುವುದೇ ಇಲ್ಲ. ಆ ಸ್ಮಶಾನಕ್ಕೆ ಒಬ್ಬ ಒಡೆಯನಿದ್ದನು, ಒಬ್ಬ ಕಾವಲುಗಾರನಿದ್ದನು, ಒಂದು ಕಟ್ಟಳೆಯಿತ್ತು. ಕೇಳುವವರೇ ಇಲ್ಲದ ಪಾಳುನೆಲವಾಗಿರಲಿಲ್ಲ ಅದು. ಇನ್ನೂ ಹಿಂದಕ್ಕೆ ಹೋಗುವುದಾದರೆ ನಮ್ಮ ಜಿಲ್ಲೆಯ ಜೇವರ್ಗಿಗೇ ಹೋಗಬಹುದು. ಸುರಪುರದಲ್ಲಿ ಬ್ರಿಟಿಷ್ ಅಧಿಕಾರಿಯಾಗಿದ್ದ ಮೆಡೋಸ್ ಟೇಲರ್ ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿ ಜೇವರ್ಗಿಯ ಬಳಿ ಕಲ್ಲುಗಳನ್ನು ವರ್ತುಲಾಕಾರವಾಗಿ ನೆಟ್ಟ ಪ್ರಾಚೀನ ಗೋರಿಗಳನ್ನು ಅಗೆದು ನೋಡಿ ಬರೆದಿಟ್ಟಿದ್ದಾನೆ. ಬರಹವೇ ಬಳಕೆಗೆ ಬಾರದಿದ್ದ ಕಾಲದ ಜನ, ದೊಡ್ಡ ದೊಡ್ಡ ಬಂಡೆಗಳನ್ನು ಹೊತ್ತು ತಂದು ತಮ್ಮವರು ಮಲಗಿದ ಜಾಗಕ್ಕೆ ಎಲ್ಲೆ ಕಟ್ಟಿದರು. ಒಬ್ಬ ಮನೆಯವನಿಂದ ಆಗುವ ಕೆಲಸವಲ್ಲ ಅದು. ಊರು ಕೂಡಿಯೇ ಮಾಡಿರಬೇಕು.

ರಾಜರಿಗೆ ಈ ಚಿಂತೆಯಿಲ್ಲ. ಕಲಬುರಗಿಯ ಹಫ್ತ್ ಗುಂಬಜ್‌ನಲ್ಲಿ ಬಹಮನಿ ಸುಲ್ತಾನರ ಗೋರಿಗಳಿವೆ. 1422ರಲ್ಲಿ ತೀರಿಕೊಂಡ ಫಿರೋಜ್ ಷಾನ ಗೋರಿ ಅವುಗಳಲ್ಲಿ ಭವ್ಯವಾದುದು. ಆರು ನೂರು ವರ್ಷಗಳಾದರೂ ಅದು ನಿಂತಿದೆ. ನೋಡಲು ಜನ ಬರುತ್ತಾರೆ. ಆದರೆ ಆ ಗುಮ್ಮಟಕ್ಕೆ ಕಲ್ಲು ಹೊತ್ತವರು ಎಲ್ಲಿ ಮಲಗಿದ್ದಾರೆಂದು ಯಾರು ಬಲ್ಲರು? ಸಾಮಾನ್ಯನ ಸಮಾಧಿಗೆ ಗುಮ್ಮಟವಿಲ್ಲ. ಮಗ ಇರುವವರೆಗೆ ಕಲ್ಲು ತೊಳೆಯುವವರಿರುತ್ತಾರೆ. ಮೊಮ್ಮಗ ಹಬ್ಬಕ್ಕೊಮ್ಮೆ ಬಂದಾನು. ಮರಿಮಗನಿಗೆ ಜಾಗವೇ ಗೊತ್ತಿರುವುದಿಲ್ಲ. ಮೂರು ತಲೆಮಾರು ಕಳೆದ ಮೇಲೆ ಸತ್ತವರೆಲ್ಲರೂ ಗಂಟಿ ಮುತ್ಯಾನಂತೆಯೇ. ಆಗ ಅವರಿಗೆ ಉಳಿಯುವ ನಂಟ ಊರೊಂದೇ. ಸ್ಥಳೀಯ ಸಂಸ್ಥೆಗಳಿಗೆ ಕಾನೂನು ಈ ಹೊಣೆಯನ್ನು ಹೊರಿಸಿರುವುದರ ನ್ಯಾಯ ಇಲ್ಲಿಯೇ ಇದೆ. ಮನೆತನಗಳು ಅಳಿಯುತ್ತವೆ, ವಲಸೆ ಹೋಗುತ್ತವೆ. ಊರೆಂಬ ಸಂಸ್ಥೆ ಉಳಿಯುತ್ತದೆ.

ಬೇರೆ ದೇಶಗಳವರೂ ಈ ಪಾಠವನ್ನು ಕಷ್ಟಪಟ್ಟೇ ಕಲಿತಿದ್ದಾರೆ. ಲಂಡನ್ ನಗರದ ಚರ್ಚುಗಳ ಅಂಗಳಗಳಲ್ಲಿ ಹೂಳಲು ಜಾಗವಿಲ್ಲದೆ ಜನರ ಆರೋಗ್ಯಕ್ಕೇ ಕುತ್ತು ಬಂದಾಗ, 1852ರಲ್ಲಿ ಅಲ್ಲಿನ ಸಂಸತ್ತು ಕಾನೂನು ಮಾಡಿ ಸಾರ್ವಜನಿಕ ರುದ್ರಭೂಮಿಗಳಿಗೆ ಅವಕಾಶ ಕಲ್ಪಿಸಿತು. ಹೂಳುವುದನ್ನು ನಿಲ್ಲಿಸಿದ ಚರ್ಚಿನ ಅಂಗಳವನ್ನು ನೋಡಿಕೊಳ್ಳುವ ಹೊಣೆಯನ್ನು ಅಲ್ಲಿನ ಸ್ಥಳೀಯ ಆಡಳಿತಕ್ಕೆ ವರ್ಗಾಯಿಸಲು 1972ರ ಇಂಗ್ಲೆಂಡಿನ ಕಾನೂನೊಂದು ಅವಕಾಶ ಕೊಡುತ್ತದೆ. ಹೂಳುವುದು ನಿಂತರೂ ನೋಡಿಕೊಳ್ಳುವುದು ನಿಲ್ಲಬಾರದು ಎಂಬುದು ಅದರ ತಾತ್ಪರ್ಯ.

ನಮ್ಮ ನಾಡಿನಲ್ಲಿಯೂ ಈ ವಿಷಯ ನ್ಯಾಯಾಲಯದ ಮೆಟ್ಟಿಲೇರಿದೆ. ಸ್ಮಶಾನವಿಲ್ಲದ ಗ್ರಾಮಗಳಿಗೆ ಆರು ವಾರಗಳೊಳಗೆ ಜಾಗ ಒದಗಿಸಬೇಕೆಂದು ಕರ್ನಾಟಕದ ಉಚ್ಚ ನ್ಯಾಯಾಲಯ 2019ರಲ್ಲಿ ಆದೇಶಿಸಿತು. ಆದೇಶ ಪಾಲನೆಯಾಗಿಲ್ಲವೆಂದು ಮುಂದೆ ನ್ಯಾಯಾಂಗ ನಿಂದನೆಯ ಅರ್ಜಿಯನ್ನೂ ಹಾಕಬೇಕಾಯಿತು. 2021ರ ಬೇಸಿಗೆಯಲ್ಲಂತೂ ಬೆಂಗಳೂರಿನ ಚಿತಾಗಾರಗಳು ಸಾಲದೆ ತಾವರೆಕೆರೆಯ ಸಮೀಪದ ಬಯಲಿನಲ್ಲಿ ಚಿತೆಗಳನ್ನು ಉರಿಸಬೇಕಾಯಿತು. ಯಾರೂ ಬಂದು ಪಡೆಯದೆ ಉಳಿದ ನೂರಾರು ಜನರ ಅಸ್ಥಿಯನ್ನು ಆ ವರ್ಷದ ಜೂನ್ ತಿಂಗಳಿನಲ್ಲಿ ಸರಕಾರವೇ ಮಳವಳ್ಳಿ ತಾಲೂಕಿನ ಬೆಳಕವಾಡಿಯ ಬಳಿ ಕಾವೇರಿಯಲ್ಲಿ ವಿಸರ್ಜಿಸಿತು. ಸುದ್ದಿಯನ್ನು ಓದಿದ ದಿನ ನನಗೆ ದುಃಖವೂ ಆಯಿತು, ಸಮಾಧಾನವೂ ಆಯಿತು. ನಂಟರು ಬಾರದಿದ್ದಲ್ಲಿ ನಾಡು ನಂಟನಾಗಿ ನಿಂತಿತ್ತು.

ಮರುವರ್ಷ ನಮ್ಮೂರಿನಲ್ಲಿ ಗ್ರಾಮಸಭೆ ಸೇರಿದಾಗ ನಾನು ಎದ್ದು ನಿಂತೆ. ಗ್ರಾಮಸಭೆಯೆಂದರೆ ಊರಿನ ಮತದಾರರೆಲ್ಲರ ಸಭೆ. ಆರು ತಿಂಗಳಿಗೊಮ್ಮೆಯಾದರೂ ಸೇರಬೇಕೆಂಬುದು ನಿಯಮ. ಸ್ಮಶಾನಕ್ಕೆ ದಾರಿಯಾಗಬೇಕು, ಜಾಲಿ ಕಡಿಸಬೇಕು, ಎಲ್ಲೆ ಅಳೆಸಿ ಬಾಂದುಗಲ್ಲು ನೆಡಿಸಬೇಕು ಎಂದು ಕೇಳಿದೆ. ಹಿಂದಿನ ಸಾಲಿನಿಂದ ಒಬ್ಬ ತರುಣ, “ಮಾಸ್ತರ್ರ, ಬದುಕಿದವರಿಗೇ ನೆಟ್ಟಗ ರಸ್ತಾ ಇಲ್ಲ. ಸತ್ತವರಿಗೆ ಯಾಕ್ರಿ ರಸ್ತಾ?” ಎಂದನು. ಸಭೆ ಗೊಳ್ಳೆಂದು ನಕ್ಕಿತು. ಅವನ ಮಾತಿನಲ್ಲಿ ಸತ್ಯವಿಲ್ಲದಿರಲಿಲ್ಲ. ಅವನ ಓಣಿಯಲ್ಲಿ ಮಳೆಗಾಲದಲ್ಲಿ ನಡೆಯುವುದು ಕಷ್ಟವೇ. ನನಗೆ ತಕ್ಷಣ ಉತ್ತರ ತೋಚಲಿಲ್ಲ.

ಹೆಂಗಸರ ನಡುವಿನಿಂದ ಆ ಹಿರಿಯ ತಾಯಿ ಎದ್ದಳು. “ಸತ್ತವರು ನಡಿಯಂಗಿಲ್ಲೋ ತಮ್ಮಾ. ರಸ್ತಾ ಬೇಕಾಗಿದ್ದು ಹೊತ್ತವರಿಗೆ” ಎಂದು ಹೇಳಿ ಕುಳಿತುಕೊಂಡಳು.

ನಗು ನಿಂತಿತು. ಎಂ.ಎ. ಓದಿದ ನನ್ನ ಭಾಷಣಕ್ಕಿಂತ ಅಕ್ಷರ ಬಾರದ ಆಕೆಯ ಎರಡು ಮಾತುಗಳಿಂದ ಕೆಲಸವಾಯಿತು. ಸಭೆ ಠರಾವು ಮಾಡಿತು. 2005ರ ಉದ್ಯೋಗ ಖಾತರಿ ಕಾನೂನಿನಂತೆ ಆಗ ನಡೆಯುತ್ತಿದ್ದ ಕಾಮಗಾರಿಗಳ ಪಟ್ಟಿಯಲ್ಲಿ ಸ್ಮಶಾನದ ಕೆಲಸಕ್ಕೂ ಅವಕಾಶವಿತ್ತು. ಆದರೆ ಕೆಲಸಕ್ಕೆ ಮೊದಲು ಜಾಗ ಅಳತೆಯಾಗಬೇಕಲ್ಲ?

ತೊಗರಿಯ ರಾಶಿ ಮುಗಿದು ಹೊಲಗಳು ಬರಿದಾದ ಮೇಲೆ ಸರ್ವೇಯವರು ನಕಾಶೆಯೊಡನೆ ಬಂದರು. ದಿನವಿಡೀ ಅಳತೆ ನಡೆಯಿತು. ಎರಡೆಕರೆಯೆಂದರೆ ಎಂಬತ್ತು ಗುಂಟೆ. ನೆಲದ ಮೇಲೆ ಉಳಿದಿದ್ದುದು ಐವತ್ತೇಳು ಗುಂಟೆ. ಮಿಕ್ಕ ಇಪ್ಪತ್ತಮೂರು ಗುಂಟೆ ಸುತ್ತಲಿನ ಹೊಲಗಳಲ್ಲಿ ಸೇರಿಹೋಗಿತ್ತು. ಮೂಡಣ ಬದುವಿನ ಆಚೆಗೆ, ನಮ್ಮ ಹೊಲದಲ್ಲಿ, ಒಂಬತ್ತು ಗುಂಟೆ. ಸರ್ವೇಯವರು ಗುರುತಿನ ಗೂಟ ಹೊಡೆದ ಜಾಗವನ್ನು ನೋಡಿದೆ. ಆ ತಾಯಿಯ ನಾಲ್ಕನೆಯ ಹೆಜ್ಜೆ ಬಿದ್ದ ಜಾಗ ಸ್ಮಶಾನದ ಎಲ್ಲೆಯ ಒಳಗೇ ಇತ್ತು. ಆಕೆಯ ನೆನಪು ತಪ್ಪಿರಲಿಲ್ಲ. ಗಂಟಿ ಮುತ್ಯಾನ ಎದೆಯ ಮೇಲೆ ನಾವು ಎಷ್ಟೋ ವರ್ಷಗಳಿಂದ ತೊಗರಿ ಬೆಳೆಯುತ್ತಿದ್ದೆವು. ಆ ಬೇಳೆಯ ಸಾರನ್ನು ನಾನೂ ಉಂಡಿದ್ದೆ.

ಹೊಲವನ್ನು ನೋಡಿಕೊಳ್ಳುವವರು ನನ್ನ ಅಣ್ಣ. ಅವರು ಗೂಟದ ಬಳಿ ಬಹಳ ಹೊತ್ತು ನಿಂತಿದ್ದರು. ನೆರೆಯ ಹೊಲದವರು ವಾದ ಮಾಡುತ್ತಿದ್ದರು. ಅಣ್ಣ ಮಾತ್ರ ಮಾತನಾಡಲಿಲ್ಲ. ಸಂಜೆ ಮನೆಯಲ್ಲಿ ಊಟಕ್ಕೆ ಕುಳಿತಾಗ, “ಅಪ್ಪ ಹೂಡಿದ ಸಾಲಿನ್ಯಾಗ ನಾನೂ ಹೂಡಿಕೋತ ಬಂದೆ, ತಮ್ಮಾ. ಆ ಸಾಲು ಯಾವಾಗ ಸರೀತೋ ನನಗ ತಿಳೀಲಿಲ್ಲ” ಎಂದರು. ಅವರ ಮಾತು ಸುಳ್ಳೆಂದು ನನಗೆ ಅನ್ನಿಸಲಿಲ್ಲ. ಒತ್ತುವರಿ ಎಂಬುದು ಯಾರೋ ದುಷ್ಟರು ರಾತ್ರೋರಾತ್ರಿ ಮಾಡುವ ಕೆಲಸವೆಂದು ನಾವು ತಿಳಿಯುತ್ತೇವೆ. ಆದರೆ ಅದು ಹಾಗಲ್ಲ. ವರ್ಷಕ್ಕೆ ಒಂದೊಂದು ಸಾಲು ನೇಗಿಲು ಆಚೆಗೆ ಸರಿಯುತ್ತದೆ. ಎದುರು ಕಡೆಯವರು ಕೇಳುವುದಿಲ್ಲ, ಏಕೆಂದರೆ ಅವರು ಸತ್ತಿದ್ದಾರೆ. ಅವರ ಪರವಾಗಿ ಕೇಳಬೇಕಾದ ಸಂಸ್ಥೆ ಸುಮ್ಮನಿರುತ್ತದೆ, ಏಕ���ಂದರೆ ಅದನ್ನು ಕೇಳಬೇಕಾದ ನಾವು ಸುಮ್ಮನಿರುತ್ತೇವೆ.

ಮರುದಿನ ಬೆಳಗ್ಗೆ ಅಣ್ಣ ಎತ್ತಿನ ಬಂಡಿಯಲ್ಲಿ ಕಲ್ಲುಗಳನ್ನು ಹೇರಿಕೊಂಡು ಹೋಗಿ, ಸರ್ವೇಯವರು ತೋರಿಸಿದ ಜಾಗದಲ್ಲಿ ತಾವೇ ನಿಂತು ನೆಡಿಸಿದರು. ಅದನ್ನು ನೋಡಿ ಇನ್ನೊಬ್ಬ ನೆರೆಯವರೂ ಬಿಟ್ಟುಕೊಟ್ಟರು. ಮತ್ತೊಬ್ಬರು ಇನ್ನೂ ಒಪ್ಪಿಲ್ಲ. ಆ ತಕರಾರು ಕಚೇರಿಯಲ್ಲಿದೆ. ಎಲ್ಲವೂ ಸರಿಹೋಯಿತೆಂದು ಹೇಳಿ ನಿಮ್ಮನ್ನು ಮೆಚ್ಚಿಸಲು ನನಗೆ ಇಷ್ಟವಿಲ್ಲ. ದಾರಿಗೆ ಹಳ್ಳದವರೆಗೆ ಮುರುಮು ಬಿದ್ದಿದೆ, ಆಚೆಗೆ ಬಿದ್ದಿಲ್ಲ. ಒಮ್ಮೆ ಕಡಿಸಿದ ಜಾಲಿ ಮುಂದಿನ ಮಳೆಗೆ ಮತ್ತೆ ಚಿಗುರಿತು. ಬುಡಸಹಿತ ಕೀಳದಿದ್ದರೆ ಅದು ಹೋಗುವುದಿಲ್ಲವೆಂಬುದನ್ನು ಪಂಚಾಯತಿಯವರೂ ನಾವೂ ಒಟ್ಟಿಗೆ ಕಲಿತೆವು.

ಇದರಿಂದ ನಾನು ಅರಿತದ್ದು ಇಷ್ಟು. ಗೋಡೆ ಕಟ್ಟುವುದು ಸುಲಭ, ನಿರ್ವಹಣೆ ಕಷ್ಟ. ಗೋಡೆ ಕಟ್ಟಿದಾಗ ಉದ್ಘಾಟನೆಯಿರುತ್ತದೆ, ಹೆಸರು ಕೆತ್ತಿದ ಫಲಕವಿರುತ್ತದೆ. ಕುಸಿದ ಸಮಾಧಿಗೆ ಪ್ರತಿ ವರ್ಷ ಒಂದು ಬುಟ್ಟಿ ಮಣ್ಣು ಹಾಕಿಸುವುದಕ್ಕೆ, ಮಳೆಗೆ ಮೊದಲು ದಾರಿ ಸರಿಪಡಿಸುವುದಕ್ಕೆ, ಬಂದವರ ಬಾಯಾರಿಕೆಗೆ ನೀರು ಮತ್ತು ಕೂರಲು ನೆರಳು ಒದಗಿಸುವುದಕ್ಕೆ, ಯಾರನ್ನು ಎಲ್ಲಿ ಹೂಳಿದೆ ಎಂದು ಒಂದು ಪುಸ್ತಕದಲ್ಲಿ ಬರೆದಿಡುವುದಕ್ಕೆ ಫಲಕವಿಲ್ಲ. 1969ರ ಜನನ ಮರಣ ನೋಂದಣಿ ಕಾನೂನು ಸ್ಮಶಾನವನ್ನು ನೋಡಿಕೊಳ್ಳುವವನು ಮರಣದ ಸುದ್ದಿಯನ್ನು ತಿಳಿಸಬೇಕೆಂದು ಹೇಳುತ್ತದೆ. ಅಂದರೆ ಪ್ರತಿ ಸ್ಮಶಾನಕ್ಕೂ ನೋಡಿಕೊಳ್ಳುವವನೊಬ್ಬ ಇರುತ್ತಾನೆಂಬ ನಂಬಿಕೆಯಿಂದಲೇ ಆ ಕಾನೂನನ್ನು ಬರೆದಿದ್ದಾರೆ. ಆ ನಂಬಿಕೆಯನ್ನು ಉಳಿಸುವ ಕೆಲಸ ಪಂಚಾಯತಿಯದು. ಅದನ್ನು ಪಂಚಾಯತಿಗೆ ನೆನಪಿಸುವ ಕೆಲಸ ನಮ್ಮೆಲ್ಲರದು. ಇನ್ನು ಮೂರು ನಾಲ್ಕು ವರ್ಷಗಳಲ್ಲಿ ನೀವೂ ಮತದಾರರಾಗುವಿರಿ, ಗ್ರಾಮಸಭೆಯಲ್ಲಿ ಕುಳಿತುಕೊಳ್ಳುವಿರಿ. ಅದಕ್ಕೆ ಮೊದಲೇ ಒಮ್ಮೆ ನಿಮ್ಮೂರಿನ ಎರಡೆಕರೆ ಎಲ್ಲಿದೆ, ಎಷ್ಟಿದೆ, ಎಷ್ಟು ಉಳಿದಿದೆ ಎಂದು ಕೇಳಿ ನೋಡಿರಿ.

ಕಳೆದ ವರ್ಷ ಆ ನಾಲ್ಕನೆಯ ಹೆಜ್ಜೆಯ ಜಾಗದಲ್ಲಿ ಒಂದು ಸಾದಾ ಪರಸಿ ಕಲ್ಲನ್ನು ನೆಟ್ಟೆವು. ಅದರ ಮೇಲೆ ಏನು ಬರೆಯಿಸಬೇಕೆಂಬ ಪ್ರಶ್ನೆ ಬಂತು. ಅವನ ತಂದೆಯ ಹೆಸರು ಯಾರಿಗೂ ಗೊತ್ತಿರಲಿಲ್ಲ. ಹುಟ್ಟಿದ ವರ್ಷವೂ, ಹುಟ್ಟಿದ ಊರೂ ಗೊತ್ತಿರಲಿಲ್ಲ. ಕೊನೆಗೆ ‘ಗಂಟಿ ಮುತ್ಯಾ, 1998’ ಎಂದು ಕೆತ್ತಿಸಿ, ಅದರ ಕೆಳಗೆ ನಮ್ಮ ಊರಿನ ಹೆಸರನ್ನು ಬರೆಯಿಸಿದೆವು.